ಅವ್ವನ ಬಣ್ಣಕ್ಕೊಂದು ಫಿಲ್ಮ್

ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ ವಿಕ್ರೋಳಿ ಸ್ಟೇಶನ್ನಿನ ಹೊರಗೆ ನಾವು ಐದು ಜನ ಕಟಿಂಗ್ ಚಹಾ ಕುಡಿಯುತ್ತ ನಿಂತಿದ್ದೆವು. ಎಲ್ಲರ ಕೊರಳಲ್ಲೂ ಫಿಲ್ಮ್ ಕ್ಯಾಮೆರಾ. ಖಾಡಿಯ ಬದಿಯ ಮ್ಯಾಂಗ್ರೋವ್ ಕಡೆ ಹೋಗಿ ಒಂದೊಂದು ರೋಲು ಮುಗಿಸಿ ಬರುವುದು ನಮ್ಮ ರೂಢಿ. 2025ರಲ್ಲಿ ಇಂಗ್ಲೆಂಡಿನ ಹಾರ್ಮನ್ ಕಂಪನಿ ಕೆಂಟ್‌ಮಿಯರ್ 200 ಎಂಬ ಹೊಸ ಕಪ್ಪುಬಿಳುಪು ಫಿಲ್ಮ್ ತಂದಿತಲ್ಲ, ಅವತ್ತು ಮಾತು ಅದರಿಂದಲೇ ಶುರುವಾಯಿತು. ಹೊಸದು ಬರುವುದಾದರೆ ಇನ್ನೇನು ಬರಬೇಕು?

ಒಬ್ಬನಿಗೆ ಕೊಡಾಕ್‌ನ ಪ್ಯಾನಟಾಮಿಕ್-ಎಕ್ಸ್ ಮತ್ತೆ ಬೇಕು. ಐಎಸ್‌ಒ 32ರ, ಕಾಳೇ ಕಾಣದಷ್ಟು ನುಣುಪಿನ ಫಿಲ್ಮ್ ಅದು. ಇನ್ನೊಬ್ಬನಿಗೆ 2011ರಲ್ಲಿ ನಿಂತುಹೋದ ಪ್ಲಸ್-ಎಕ್ಸ್ ಬೇಕು. ಮೂರನೆಯವನಿಗೆ 120ರ ಎರಡರಷ್ಟು ಚಿತ್ರ ಸಿಗುವ 220 ರೋಲು. ನಾಲ್ಕನೆಯವನಿಗೆ ಅಜ್ಜನ ಬೇಬಿ ರೋಲಿಫ್ಲೆಕ್ಸ್‌ಗೆ ಹೊಂದುವ 127. ನನ್ನ ಸರದಿ ಬಂದಾಗ ನನಗೇನೂ ಹೊಳೆಯಲಿಲ್ಲ.

ನಾನು ಸಾಫ್ಟ್‌ವೇರ್ ಪ್ರಾಜೆಕ್ಟ್ ಮ್ಯಾನೇಜರು. ಇಪ್ಪತ್ತು ವರ್ಷಗಳಿಂದ ಗಿರಾಕಿಗಳ ಬೇಡಿಕೆಯ ಪಟ್ಟಿಗಳನ್ನು ಓದಿದ್ದೇನೆ. ಪಟ್ಟಿ ಉದ್ದವಾದಷ್ಟೂ ಒಂದು ಪ್ರಶ್ನೆ ಅದರಿಂದ ಜಾರಿಹೋಗುತ್ತದೆ: ಇದೆಲ್ಲ ಯಾರಿಗಾಗಿ? ನಮ್ಮ ಚಹಾದಂಗಡಿಯ ಪಟ್ಟಿಯಲ್ಲೂ ಹಾಗೇ ಆಗಿತ್ತು. ವೇಗ, ಕಾಳು, ಅಳತೆ ಎಲ್ಲ ಇತ್ತು. ಆ ಫಿಲ್ಮಿನ ಮೇಲೆ ಮೂಡಬೇಕಾದ ಮುಖ ಮಾತ್ರ ಇರಲಿಲ್ಲ. ಇದು ನನಗೆ ತಿಳಿದದ್ದು ಎರಡು ವಾರದ ಮೇಲೆ, ಅವ್ವನಿಂದ.

ಅವ್ವ ರಾಣೆಬೆನ್ನೂರಿನಿಂದ ಬಂದಿದ್ದಳು. ನನ್ನ ಕ್ಯಾಮೆರಾದಲ್ಲಿ ಇಲ್ಫರ್ಡ್ ಆರ್ಥೊ ಪ್ಲಸ್ ಇತ್ತು. 2019ರಲ್ಲಿ ಈ ಫಿಲ್ಮು 35 ಎಂಎಂ ಮತ್ತು 120 ರೋಲುಗಳಲ್ಲಿ ಬಂದಾಗ ನಮ್ಮಂಥವರು ಸಂಭ್ರಮಪಟ್ಟಿದ್ದೆವು, ಹಳೆಯ ಕಾಲದ ನೋಟ ಸಿಗುತ್ತದೆಂದು. ಬಾಲ್ಕನಿಯಲ್ಲಿ ಅವ್ವನನ್ನು ಕೂಡಿಸಿ ನಾಲ್ಕು ಚಿತ್ರ ತೆಗೆದೆ, ತೊಳೆದು, ಪ್ರಿಂಟು ಹಾಕಿ ಕೊಟ್ಟೆ. ಅವ್ವ ಕನ್ನಡಕ ಏರಿಸಿ ನೋಡಿದಳು.

"ನಾ ಇಷ್ಟ ಕರ‍್ರಗ ಅದೀನೇನೋ?" ಅಂದಳು. ಆಮೇಲೆ ಗದ್ದ ಮುಟ್ಟಿಕೊಂಡು, "ಹಚ್ಚಿ ಎಲ್ಲಿ ಹೋತು?"

ಅವ್ವನ ಗದ್ದದ ಮೇಲೆ ಹಸಿರು ಹಚ್ಚೆಯ ಮೂರು ಚುಕ್ಕಿಗಳಿವೆ. ಸಣ್ಣವಳಿದ್ದಾಗ ಹಾಕಿಸಿದ್ದು. ಚಿತ್ರದಲ್ಲಿ ಅವು ಇರಲೇ ಇಲ್ಲ.

ಕಾರಣ ಸರಳ, ಆದರೆ ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಫಿಲ್ಮಿನ ಬೆಳ್ಳಿಯ ಲವಣಕ್ಕೆ ಸಹಜವಾಗಿ ಕಾಣುವುದು ನೀಲಿ ಮತ್ತು ಅತಿನೇರಳೆ ಮಾತ್ರ. 1873ರಲ್ಲಿ ಜರ್ಮನಿಯ ಹೆರ್ಮನ್ ಫೋಗೆಲ್, ಬಣ್ಣದ ರಸಾಯನ ಬೆರೆಸಿದರೆ ಅದಕ್ಕೆ ಹಸಿರೂ ಕಾಣುತ್ತದೆಂದು ಕಂಡುಕೊಂಡ. ಅದರಿಂದ ಬಂದದ್ದು ಆರ್ಥೊಕ್ರೊಮ್ಯಾಟಿಕ್ ಫಿಲ್ಮ್. ಕೆಂಪನ್ನೂ ಕಾಣುವ ಪ್ಯಾನ್‌ಕ್ರೊಮ್ಯಾಟಿಕ್ ಬಂದದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. ನಮ್ಮ ಕಂದು ಮೈಬಣ್ಣ ನೀಲಿಯನ್ನು ಹೆಚ್ಚು ನುಂಗುತ್ತದೆ, ಕೆಂಪನ್ನು ಹೆಚ್ಚು ಮರಳಿಸುತ್ತದೆ. ಕೆಂಪು ಕಾಣದ ಫಿಲ್ಮಿಗೆ ಅವ್ವನ ಕೆನ್ನೆಯಿಂದ ಬರುವ ಬೆಳಕಿನ ದೊಡ್ಡ ಪಾಲು ಕಾಣುವುದೇ ಇಲ್ಲ. ಹಚ್ಚೆಯ ಹಸಿರು, ಮೈಯ ಕಂದು ಎರಡೂ ಒಂದೇ ಕಪ್ಪಾಗಿ ಕೂಡಿಹೋಗುತ್ತವೆ. ಬಿಳಿ ಚರ್ಮದ ಮುಖಕ್ಕೆ ಗಾಂಭೀರ್ಯ ಕೊಡುವ ಅದೇ ಫಿಲ್ಮು ಅವ್ವನ ಗುರುತನ್ನು ಅಳಿಸಿತ್ತು.

ಅವ್ವನ ಮುಖಕ್ಕೆ ಹೀಗಾದದ್ದು ಇದು ಮೊದಲ ಸಲವಲ್ಲ. ಊರಲ್ಲಿ ಸ್ಟುಡಿಯೋ ಇಟ್ಟಿದ್ದ ನನ್ನ ಸೋದರಮಾವ 1975ರಲ್ಲಿ ತಂಗಿಯ ವರಾನ್ವೇಷಣೆಗಾಗಿ ಒಂದು ಫೋಟೊ ತೆಗೆದಿದ್ದ. ಸ್ಟುಡಿಯೋದ ಕನ್ನಡಿಯ ಮುಂದೆ ಸ್ನೋ, ಪೌಡರು, ಬಾಚಣಿಗೆ ಇದ್ದೇ ಇರುತ್ತಿದ್ದವು. ಅದು ಸಾಲದೆ ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ ತಿದ್ದುವುದು ಆಗಿನ ಕೆಲಸದ ಭಾಗ. ನೆಗೆಟಿವ್‌ನಲ್ಲಿ ಪೆನ್ಸಿಲು ಆಡಿದಲ್ಲಿ ಪ್ರಿಂಟು ಬೆಳ್ಳಗಾಗುತ್ತದೆ. ಮಾಮಾ ತಂಗಿಯ ಕೆನ್ನೆ, ಹಣೆ ತಿದ್ದಿದ. ಗದ್ದದ ಹಚ್ಚೆಯನ್ನೂ ತಿದ್ದಿ ಅಳಿಸಿದ. ಆ ಫೋಟೊ ಈಗಲೂ ಇದೆ. ಅದರಲ್ಲಿರುವ ಬೆಳ್ಳನೆಯ ಹುಡುಗಿಯನ್ನು ನಾನು ಎಂದೂ ಕಂಡಿಲ್ಲ. ಮಾಮಾ ಮಾಡಿದ್ದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ, ತಂಗಿಯ ಮದುವೆಯ ಚಿಂತೆ ಅವನದಾಗಿತ್ತು. ಆದರೆ ಒಂದು ಫೋಟೊ ಅವ್ವನನ್ನು ಬೆಳ್ಳಗೆ ಮಾಡಿ ಕಳೆಯಿತು, ಇನ್ನೊಂದು ಕಪ್ಪು ಮಾಡಿ ಕಳೆಯಿತು. ಎರಡರಲ್ಲೂ ಅವಳಿಲ್ಲ.

ಅದೇ 1975ರಲ್ಲಿ ಬಿ. ವಿ. ಕಾರಂತರ 'ಚೋಮನ ದುಡಿ' ಬಂತು. ಶಿವರಾಮ ಕಾರಂತರ ಕಾದಂಬರಿ, ವಾಸುದೇವ ರಾವ್ ಅವರ ಚೋಮ, ಎಸ್. ರಾಮಚಂದ್ರ ಅವರ ಕ್ಯಾಮೆರಾ. ಎರಡು ವರ್ಷದ ನಂತರ ಅದೇ ರಾಮಚಂದ್ರ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ಕ್ಕೆ ಕ್ಯಾಮೆರಾ ಹಿಡಿದರು. ಎರಡಕ್ಕೂ ಸ್ವರ್ಣಕಮಲ ಬಂತು, ಎರಡೂ ಕಪ್ಪುಬಿಳುಪು. ನಮ್ಮ ವಿಮರ್ಶೆ ಈ ಚಿತ್ರಗಳ ಜಾತಿ, ಭೂಮಿ, ಹೆಣ್ಣಿನ ಪಾಡಿನ ಬಗ್ಗೆ ಬೇಕಾದಷ್ಟು ಮಾತಾಡಿದೆ. ಕಪ್ಪುಬಿಳುಪನ್ನು ಮಾತ್ರ ಆ ಕಾಲದ ಬಡತನವೆಂದೋ ಕಲಾತ್ಮಕ ಗಾಂಭೀರ್ಯವೆಂದೋ ಹೇಳಿ ಮುಗಿಸಿದೆ. ನನಗೆ ಈಗ ಕಾಣುವುದು ಬೇರೆ. ಈ ಎರಡು ಚಿತ್ರಗಳ ಅರ್ಥ ನಿಂತಿರುವುದೇ ಕಪ್ಪಿನಲ್ಲಿ ಎಷ್ಟು ಬಗೆ ಇವೆ ಎನ್ನುವುದರ ಮೇಲೆ.

'ಘಟಶ್ರಾದ್ಧ'ದಲ್ಲಿ ಕತ್ತಲೆ ಹೆಚ್ಚಾಗಿ ಮನೆಯದು. ಅಗ್ರಹಾರದ ಒಳಕೋಣೆಗಳ ನೆರಳಿನ ನಡುವೆ ಯಮುನಾಳ ಮುಖ ಬೆಳಕಿನ ತುಣುಕಾಗಿ ಉಳಿಯುತ್ತದೆ. ಕೊನೆಗೆ ತಲೆ ಬೋಳಿಸಿದ ಅವಳನ್ನು ಕಂಡಾಗ ನಮಗೆ ಆಘಾತವಾಗುವುದಕ್ಕೆ, ಅಲ್ಲಿಯವರೆಗೆ ಅವಳ ಕೂದಲ ಕಪ್ಪನ್ನು ನಾವು ನೋಡುತ್ತ ಬಂದದ್ದೂ ಒಂದು ಕಾರಣ. ಅಲ್ಲಿ ಕಪ್ಪು ಸುತ್ತಲಿನದು. 'ಚೋಮನ ದುಡಿ'ಯಲ್ಲಿ ಹಾಗಲ್ಲ. ಅಲ್ಲಿ ಕಪ್ಪು ಮನುಷ್ಯನ ಮೈಯದೇ. ಗುಡಿಸಲಿನ ಕತ್ತಲೆಯಲ್ಲಿ ಕುಳಿತ ಚೋಮನನ್ನು ಕತ್ತಲೆಯಿಂದ ಬೇರ್ಪಡಿಸಿ ತೋರಿಸಬೇಕು, ಹಾಗಂತ ಅವನನ್ನು ಬೆಳ್ಳಗೆ ಮಾಡಬಾರದು. ಕ್ಯಾಮೆರಾದವನಿಗೆ ಇದಕ್ಕಿಂತ ಕಠಿಣ ಕೆಲಸ ಕಡಿಮೆ. ದುಡಿ ಬಾರಿಸುವಾಗ ಆ ಮುಖದಲ್ಲಿ ಸಿಟ್ಟಿದೆಯೋ ದುಃಖವಿದೆಯೋ ಎಂಬುದು ಕಣ್ಣಿನ ಕೆಳಗಿನ ನೆರಳಿನ ಎರಡು ಮೂರು ಛಾಯೆಗಳಲ್ಲಿ ತೀರ್ಮಾನವಾಗುತ್ತದೆ.

ಆ ಛಾಯೆಗಳೇ ಮೊದಲು ಸಾಯುವಂಥವು. ನೆಗೆಟಿವ್‌ನಲ್ಲಿ ನೆರಳಿನ ಭಾಗ ಬಹಳ ತೆಳು. ಪ್ರತಿಯಿಂದ ಪ್ರತಿ ತೆಗೆಯುತ್ತ ಹೋದಂತೆ ಬಿಳುಪು ಹೇಗೋ ಬದುಕುತ್ತದೆ, ತೆಳುವಾದ ವಿವರ ಗಟ್ಟಿ ಕಪ್ಪಾಗುತ್ತದೆ. 'ಘಟಶ್ರಾದ್ಧ'ದ ಅದೃಷ್ಟ ಚೆನ್ನಾಗಿತ್ತು. ನಮ್ಮ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯ ವರ್ಲ್ಡ್ ಸಿನೆಮಾ ಪ್ರಾಜೆಕ್ಟ್ ಸೇರಿ ಅದಕ್ಕೆ ಮರುಜೀವ ಕೊಟ್ಟವು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದು ತೆರೆಯ ಮೇಲೆ ಬಂತು. ನಾನು ಮನೆಯಲ್ಲಿ ನೋಡಿದ 'ಚೋಮನ ದುಡಿ'ಯ ಪ್ರತಿಯಲ್ಲಾದರೋ ರಾತ್ರಿಯ ದೃಶ್ಯಗಳಲ್ಲಿ ಚೋಮನೆಂದರೆ ಎರಡು ಕಣ್ಣು, ಒಂದು ಸಾಲು ಹಲ್ಲು. ರಾಮಚಂದ್ರ ಕಷ್ಟಪಟ್ಟು ಉಳಿಸಿದ್ದನ್ನು ನಕಲುಗಳು ತಿಂದಿದ್ದವು. ಕಪ್ಪು ಮನುಷ್ಯನ ಕತೆಯಲ್ಲಿ ಅವನ ಮುಖವೇ ಕಾಣದಿದ್ದರೆ ಉಳಿಯುವುದು ಕತೆಯ ಸಾರಾಂಶ ಅಷ್ಟೇ.

ಇಷ್ಟಾದ ಮೇಲೆ ಚಹಾದಂಗಡಿಯ ಪಟ್ಟಿಗೆ ಮರಳಿದೆ. ನಾವು ಕೇಳಿದ್ದೆಲ್ಲ ಪಶ್ಚಿಮದವರು ಕಳೆದುಕೊಂಡ ವಸ್ತುಗಳು. ಅವರ ನೆನಪುಗಳನ್ನು ನಾವು ನಮ್ಮವೆಂದು ಹಂಬಲಿಸುತ್ತಿದ್ದೆವು. ನಾವೇ ಕಳೆದುಕೊಂಡದ್ದು ಪಟ್ಟಿಯಲ್ಲಿರಲಿಲ್ಲ. ಕರ್ನಾಟಕದ ಗಡಿಗೆ ಹತ್ತಿರವೇ, ಊಟಿಯಲ್ಲಿ, 1960ರಲ್ಲಿ ಸ್ಥಾಪನೆಯಾದ ಸರಕಾರಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಇತ್ತು. ಫ್ರಾನ್ಸಿನ ಬೌಶೆ ಕಂಪನಿಯ ತಂತ್ರಜ್ಞಾನದೊಂದಿಗೆ 1967ರಲ್ಲಿ ಉತ್ಪಾದನೆ ಶುರುವಾಯಿತು. ಎಕ್ಸ್‌ರೇ, ಸಿನೆಮಾ ಪಾಸಿಟಿವ್, ಬ್ರೋಮೈಡ್ ಕಾಗದ, ರೋಲ್ ಫಿಲ್ಮ್ ಎಲ್ಲಕ್ಕೂ ಹೆಸರು 'ಇಂದು'. ಸಂಸ್ಕೃತದವರಿಗೆ ಅದು ಚಂದ್ರ, ನಮಗೆ ಈ ದಿನ. ತೊಂಬತ್ತರ ದಶಕದಲ್ಲಿ ರೋಗಗ್ರಸ್ತವಾದ ಕಾರ್ಖಾನೆ ಕೊನೆಗೆ ಮುಚ್ಚಿತು. ಮಾಮಾ ತನ್ನ ನೆಗೆಟಿವ್‌ಗಳನ್ನು ಇಡುತ್ತಿದ್ದದ್ದು 'ಇಂದು' ಕಾಗದದ ಖಾಲಿ ಪೆಟ್ಟಿಗೆಗಳಲ್ಲೇ. ಆದರೂ ಒಳ್ಳೆಯ ಕೆಲಸಕ್ಕೆ ಅವನು ವಿದೇಶಿ ಫಿಲ್ಮನ್ನೇ ಹುಡುಕುತ್ತಿದ್ದ. ನಮ್ಮ ಮುಖಗಳಿಗಾಗಿ ನಮ್ಮದೇ ಫಿಲ್ಮು ಹೇಗಿರಬೇಕೆಂದು ಕೇಳಬಹುದಾಗಿದ್ದ ಒಂದು ಜಾಗ ನಮಗಿತ್ತು. ಕಾರ್ಖಾನೆ ಹೋಯಿತೆಂದು ಮರುಗುತ್ತೇವೆ, ಕೇಳದೆ ಹೋದದ್ದಕ್ಕೆ ಮರುಗಿಲ್ಲ.

ಈಗ ನನ್ನ ಪಟ್ಟಿ ಬರೆಯಬಲ್ಲೆ. ಮೊದಲನೆಯದು, ಕೆಂಪನ್ನು ಪೂರ್ತಿ ಕಾಣುವ, ನೆರಳಿನಲ್ಲಿ ಛಾಯೆಗಳನ್ನು ಬಿಡಿಸಿ ಹಿಡಿಯುವ 400ರ ಫಿಲ್ಮು. ಅದರ ಮಾದರಿ ಚಿತ್ರಗಳನ್ನು ಕಂದು, ಕಪ್ಪು ಮುಖಗಳ ಮೇಲೆ ತೆಗೆದಿರಬೇಕು. ಎರಡನೆಯದು, 30 ಡಿಗ್ರಿ ನೀರಿಗೆ ಹೆದರದ ಎಮಲ್ಷನ್. ಡೆವಲಪರಿನ ಕೋಷ್ಟಕಗಳೆಲ್ಲ 20 ಡಿಗ್ರಿಗೆ ಬರೆದವು, ಮೇ ತಿಂಗಳ ವಿಕ್ರೋಳಿಯ ನಲ್ಲಿಗೆ ಅದು ಗೊತ್ತಿಲ್ಲ. ಹಿಂದೆ ಎಮಲ್ಷನ್ ಉಬ್ಬದಂತೆ ಸೋಡಿಯಂ ಸಲ್ಫೇಟ್ ಸೇರಿಸಿದ ಉಷ್ಣವಲಯದ ಡೆವಲಪರುಗಳಿದ್ದವು, ನಾನು ಬಕೆಟ್ಟಿನಲ್ಲಿ ಮಂಜುಗಡ್ಡೆ ಹಾಕಿಕೊಂಡು ಕೂರುತ್ತೇನೆ. ಮೂರನೆಯದು, ಹನ್ನೆರಡು ಚಿತ್ರಗಳ 35 ಎಂಎಂ ರೋಲು. ಸಾವಿರ ರೂಪಾಯಿ ಆಸುಪಾಸಿನ 36ರ ರೋಲು ಕ್ಯಾಮೆರಾದಲ್ಲೇ ತಿಂಗಳುಗಟ್ಟಲೆ ಕೂರುತ್ತದೆ. ಮಾಮಾ ನೂರು ಅಡಿಯ ಸುರುಳಿ ತಂದು ಕತ್ತಲೆಕೋಣೆಯಲ್ಲಿ ಬೇಕಾದಷ್ಟೇ ಕತ್ತರಿಸಿ ತುಂಬುತ್ತಿದ್ದ.

ಇವು ಬರುತ್ತವೆಂಬ ಭ್ರಮೆ ನನಗಿಲ್ಲ. ಫಿಲ್ಮನ್ನು ಒಂದು ಮೀಟರಿಗೂ ಹೆಚ್ಚು ಅಗಲ, ಕಿಲೋಮೀಟರುಗಟ್ಟಲೆ ಉದ್ದದ ಹಾಳೆಗೆ ಲೇಪಿಸಿ ಆಮೇಲೆ ಕತ್ತರಿಸುತ್ತಾರೆ. ಐದು ಜನರ ಆಸೆಗೆ ಆ ಯಂತ್ರ ತಿರುಗುವುದಿಲ್ಲ. ಮೊದಲನೆಯ ಬೇಡಿಕೆಯಲ್ಲಿ ಒಂದು ಅಪಾಯವೂ ಇದೆ. ಕೆಂಪಿಗೆ ವಿಪರೀತ ಸ್ಪಂದಿಸುವ ಫಿಲ್ಮುಗಳು ಈಗಲೂ ಇವೆ, ಅವು ಕಂದು ಮುಖವನ್ನು ನುಣ್ಣಗೆ, ಬೆಳ್ಳಗೆ ಮಾಡುತ್ತವೆ. ಅದು ಮಾಮಾನ ಪೆನ್ಸಿಲ್ಲನ್ನೇ ಕಾರ್ಖಾನೆಗೆ ಒಪ್ಪಿಸಿದಂತೆ. ನಾನು ಕೇಳುತ್ತಿರುವುದು ಬಿಳುಪನ್ನಲ್ಲ, ಕಪ್ಪಿನೊಳಗಿನ ವಿವರವನ್ನು.

ಅಷ್ಟರವರೆಗೆ ಇದ್ದುದರಲ್ಲೇ ಮಾಡಬೇಕು. ಅವ್ವ ಊರಿಗೆ ಹೊರಡುವ ಹಿಂದಿನ ದಿನ ಎಚ್‌ಪಿ5 ಹಾಕಿಕೊಂಡೆ. 400ರ ಫಿಲ್ಮನ್ನು 200 ಎಂದು ಎಣಿಸಿ ಬೆಳಕು ಹೆಚ್ಚು ಕೊಟ್ಟೆ, ಲೆನ್ಸಿಗೆ ಹಳದಿ ಫಿಲ್ಟರ್ ಹಾಕಿದೆ, ಮೀಟರನ್ನು ಆಕಾಶಕ್ಕಲ್ಲ, ಅವಳ ಗದ್ದದ ನೆರಳಿಗೆ ಹಿಡಿದೆ. ಹಿಂದಿನ ಮ್ಯಾಂಗ್ರೋವ್, ಖಾಡಿ ಎಲ್ಲ ಬೆಳ್ಳಗೆ ಸುಟ್ಟುಹೋದವು. ಹೋಗಲಿ ಬಿಡಿ.

ಪ್ರಿಂಟನ್ನು ಊರಿಗೆ ಕೊರಿಯರ್ ಮಾಡಿದೆ. ವಾರದ ಮೇಲೆ ಫೋನು ಬಂತು.

"ಮುಟ್ಟೇತಿ. ಕರ‍್ರಗ ಬಂದೀನಿ," ಅಂದಳು. ನಾನು ಸುಮ್ಮನಿದ್ದೆ. "ಹಚ್ಚಿ ಕಾಣಸ್ತತಿ. ಮೂರೂ ಅದಾವ."