ತಾಯ್ನುಡಿಯಲ್ಲಿ ತಿರುಗಿದ ಭೂಮಿ

ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬುದು ಇಂದು ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಅದು ಹೇಗೆ ಗೊತ್ತಾಯಿತು ಎಂದು ಕೇಳಿದರೆ ಮಾತ್ರ ಪದವೀಧರರಾದ ನಾವೂ ತಡವರಿಸುತ್ತೇವೆ. ಪುಸ್ತಕದಲ್ಲಿದೆ ಎಂದು ಹೇಳಿ ಪಾರಾಗುತ್ತೇವೆ. ಈ ಉತ್ತರ ಸಾಲದು ಎಂದು ಸಾರಿದ ಪುಸ್ತಕವೊಂದಿದೆ. ಅದು 1632ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಅಚ್ಚಾದ ಗೆಲಿಲಿಯೋನ 'ಸಂವಾದ'. ಸ್ಟಿಲ್‌ಮನ್ ಡ್ರೇಕ್ ಅವರ ಇಂಗ್ಲಿಷ್ ಅನುವಾದ ಐನ್‌ಸ್ಟೈನರ ಮುನ್ನುಡಿಯೊಡನೆ 1953ರಲ್ಲಿ ಪ್ರಕಟವಾಯಿತು. ಈ ಗ್ರಂಥದ ಗುಣದೋಷಗಳೆರಡನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಸೂರ್ಯನೇ ಕೇಂದ್ರವೆಂದು ಕೊಪರ್ನಿಕಸ್ 1543ರಲ್ಲೇ ಬರೆದಿದ್ದನು. ಆದರೆ ಅವನ ಗ್ರಂಥ ಲ್ಯಾಟಿನ್ನಿನಲ್ಲಿತ್ತು, ಗಣಿತಜ್ಞರಿಗಷ್ಟೇ ಎಟುಕುವಂತಿತ್ತು. ದೂರದರ್ಶಕದಲ್ಲಿ ಕಂಡ ಚಂದ್ರನ ಬೆಟ್ಟಗಳನ್ನೂ ಗುರುಗ್ರಹದ ನಾಲ್ಕು ಉಪಗ್ರಹಗಳನ್ನೂ ಗೆಲಿಲಿಯೋ 1610ರಲ್ಲಿ ಪ್ರಕಟಿಸಿದ್ದೂ ಲ್ಯಾಟಿನ್ನಿನಲ್ಲೇ. 'ಸಂವಾದ'ವನ್ನು ಮಾತ್ರ ಅವನು ತನ್ನ ಜನರ ಇಟಾಲಿಯನ್ ಭಾಷೆಯಲ್ಲಿ ಬರೆದನು. ವಿಶ್ವದ ಪ್ರಶ್ನೆ ಪಂಡಿತರ ಸಭೆಯಿಂದ ಮನೆಯ ಪಡಸಾಲೆಗೆ ಬಂದಿತು. ನನ್ನ ದೃಷ್ಟಿಯಲ್ಲಿ ಈ ಗ್ರಂಥದ ಮೊದಲ ಹಿರಿಮೆ ಇದೇ.

ವೆನಿಸ್ಸಿನ ಒಂದು ಮನೆಯಲ್ಲಿ ಮೂವರು ನಾಲ್ಕು ದಿನ ಕುಳಿತು ಮಾತನಾಡುತ್ತಾರೆ. ಸಾಲ್ವಿಯಾತಿ ಕೊಪರ್ನಿಕಸನ ಪಕ್ಷ ವಹಿಸುತ್ತಾನೆ. ಸಾಗ್ರೇದೋ ಬುದ್ಧಿವಂತ, ಆದರೆ ಪಂಡಿತನಲ್ಲ. ನಮ್ಮ ನಿಮ್ಮಂತೆ ಕೇಳುವವನು. ಇವರಿಬ್ಬರೂ ಗೆಲಿಲಿಯೋನ ತೀರಿಹೋದ ಗೆಳೆಯರು. ಗ್ರಂಥದಲ್ಲಿ ಅವರಿಗೆ ಮರುಜೀವ ಬಂದಿದೆ. ಮೂರನೆಯವನು ಸಿಂಪ್ಲಿಚಿಯೋ, ಅರಿಸ್ಟಾಟಲನ ಅನುಯಾಯಿ. ಏನು ಕೇಳಿದರೂ ಅವನು ಗುರುವಿನ ಮಾತನ್ನು ಮುಂದಿಡುತ್ತಾನೆ. ಹಳೆಯ ಸುತ್ತೋಲೆಯ ಸಂಖ್ಯೆ, ದಿನಾಂಕ ಬರೆದು ಕಡತವನ್ನು ಮೇಲಕ್ಕೆ ಕಳಿಸುವ ನಮ್ಮ ಕಚೇರಿಗಳ ಪದ್ಧತಿ ಬಲ್ಲವರಿಗೆ ಇವನು ಅಪರಿಚಿತನೇನಲ್ಲ.

ಭೂಮಿ ತಿರುಗುವುದಾದರೆ ನಮಗೇಕೆ ತಿಳಿಯುವುದಿಲ್ಲ? ಎರಡನೆಯ ದಿನದ ಚರ್ಚೆಯಲ್ಲಿ ಇದಕ್ಕೆ ಬರುವ ಉತ್ತರ ಅತ್ಯಂತ ಸೊಗಸಾದುದು. ದೊಡ್ಡ ಹಡಗಿನ ಒಳಕೋಣೆಯಲ್ಲಿ ಕೆಲವು ನೊಣ, ಚಿಟ್ಟೆಗಳನ್ನು ಬಿಡಿ. ಒಂದು ಪಾತ್ರೆಯಲ್ಲಿ ಮೀನಿರಲಿ. ತೂಗುಹಾಕಿದ ಸೀಸೆಯಿಂದ ಕೆಳಗಿನ ಪಾತ್ರೆಗೆ ನೀರು ತೊಟ್ಟಿಕ್ಕುತ್ತಿರಲಿ. ಹಡಗು ನಿಂತಿದ್ದರೂ ಒಂದೇ ವೇಗದಲ್ಲಿ ಕುಲುಕಾಡದೆ ಸಾಗುತ್ತಿದ್ದರೂ ಒಳಗಿನ ನೋಟದಲ್ಲಿ ವ್ಯತ್ಯಾಸ ಕಾಣದು. ರಜೆಯಲ್ಲಿ ರೈಲು ಹತ್ತಿ ಊರಿಗೆ ಹೋಗುವ ನಾವು ಫ್ಲಾಸ್ಕಿನಿಂದ ಲೋಟಕ್ಕೆ ಕಾಫಿ ಬಗ್ಗಿಸುವಾಗ, ರೈಲು ಮುಂದೆ ಓಡಿತೆಂದು ಕಾಫಿ ಹಿಂದೆ ಬೀಳುವುದಿಲ್ಲವಷ್ಟೆ. ಭೂಮಧ್ಯರೇಖೆಯ ಬಳಿ ನೆಲವು ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ತಿರುಗುತ್ತಿದ್ದರೂ ಅಲ್ಲಿಯವರ ಕಾಫಿ ಲೋಟಕ್ಕೇ ಬೀಳುತ್ತದೆ. ನಾವು ನಿಶ್ಚಲರೆಂಬ ನಮ್ಮ ಅನುಭವ ಸುಳ್ಳಲ್ಲ. ಆದರೆ ಭೂಮಿ ನಿಂತಿದೆಯೆನ್ನಲು ಅದು ಸಾಕ್ಷಿಯೂ ಅಲ್ಲ. ಈ ಸೂಕ್ಷ್ಮವನ್ನು ಒಂದು ಸಮೀಕರಣವೂ ಇಲ್ಲದೆ ತಿಳಿಸಿರುವುದು ಸಾಮಾನ್ಯ ಸಾಧನೆಯಲ್ಲ.

ಮೊದಲ ದಿನದ ಚರ್ಚೆಯೂ ಮನನೀಯ. ಆಕಾಶಕಾಯಗಳು ಬದಲಾಗದವು, ಆದ್ದರಿಂದ ಶ್ರೇಷ್ಠ. ಭೂಮಿ ಹುಟ್ಟುಸಾವುಗಳ ತಾಣ, ಆದ್ದರಿಂದ ಕೀಳು ಎಂಬುದು ಅಂದಿನ ನಂಬಿಕೆ. ಬದಲಾವಣೆಯೇ ಭೂಮಿಯ ಹೆಚ್ಚುಗಾರಿಕೆ ಎಂದು ಸಾಗ್ರೇದೋ ವಾದಿಸುತ್ತಾನೆ. ಭೂಮಿಯನ್ನು ಕೇಂದ್ರದಿಂದ ಸರಿಸಿ ವಿಜ್ಞಾನವು ಮನುಷ್ಯನನ್ನು ಕುಗ್ಗಿಸಿತೆಂಬ ಮಾತು ಬಹಳ ಕೇಳಿಬರುತ್ತದೆ. ಇಲ್ಲಿ ನಡೆದಿರುವುದು ಅದಕ್ಕೆ ವಿರುದ್ಧ: ಭೂಮಿಯೂ ಗ್ರಹಗಳ ಪಂಕ್ತಿಯಲ್ಲಿ ಸ್ಥಾನ ಪಡೆಯಿತು.

ಇನ್ನು ದೋಷಗಳು. ಭೂಮಿಯ ಚಲನೆಗೆ ಮುಖ್ಯ ಪ್ರಮಾಣವೆಂದು ಗೆಲಿಲಿಯೋ ನಾಲ್ಕನೆಯ ದಿನ ಮುಂದಿಡುವ ಸಮುದ್ರದ ಉಬ್ಬರವಿಳಿತದ ವಾದವೇ ತಪ್ಪು. ಅವನ ಸಿದ್ಧಾಂತದಂತೆ ದಿನಕ್ಕೆ ಒಂದೇ ಉಬ್ಬರ ಬರಬೇಕು. ಮುಂಬಯಿಯ ಕಡಲದಂಡೆಯಲ್ಲಿ ನಿಂತು ನೋಡಿದವರಿಗೆ ಎರಡು ಬರುವುದು ಗೊತ್ತು. ಚಂದ್ರನೇ ಇದಕ್ಕೆ ಕಾರಣವೆಂದ ಕೆಪ್ಲರನನ್ನು ಅವನು ಹಗುರವಾಗಿ ಕಾಣುತ್ತಾನೆ. ಗ್ರಹಗಳ ಪಥ ದೀರ್ಘವೃತ್ತವೆಂದು ಕೆಪ್ಲರ್ 1609ರಲ್ಲೇ ತೋರಿಸಿದ್ದರೂ ಅದನ್ನು ಬಿಟ್ಟು ವೃತ್ತಗಳಿಗೇ ಅಂಟಿಕೊಳ್ಳುತ್ತಾನೆ. ಸಿಂಪ್ಲಿಚಿಯೋಗೆ ಗಟ್ಟಿಯಾದ ವಾದಗಳು ದೊರಕುವುದೇ ಕಡಿಮೆ. ಎದುರಾಳಿಯನ್ನು ದುರ್ಬಲನನ್ನಾಗಿಸಿ ಗೆಲ್ಲುವುದು ದೊಡ್ಡ ಲೇಖಕನಿಗೆ ಭೂಷಣವಲ್ಲ. ಪೋಪ್ ಎಂಟನೆಯ ಅರ್ಬನ್ನನಿಗೆ ಪ್ರಿಯವಾದ ವಾದವನ್ನು ಕೊನೆಯಲ್ಲಿ ಇವನ ಬಾಯಲ್ಲೇ ಆಡಿಸಿದ್ದಂತೂ ದುಬಾರಿಯಾಯಿತು. ರೋಮ್ ಮತ್ತು ಫ್ಲಾರೆನ್ಸುಗಳ ಅಧಿಕಾರಿಗಳ ಅನುಮತಿ ಗ್ರಂಥದಲ್ಲೇ ಅಚ್ಚಾಗಿತ್ತು. ಅದು ಅವನನ್ನು ಕಾಯಲಿಲ್ಲ. 1633ರಲ್ಲಿ ವಿಚಾರಣೆ ನಡೆದು ಗ್ರಂಥಕ್ಕೆ ನಿಷೇಧ ಬಿದ್ದಿತು. ಲೇಖಕ 1642ರಲ್ಲಿ ಸಾಯುವವರೆಗೂ ಗೃಹಬಂಧನದಲ್ಲಿದ್ದನು.

ಭೂಮಿಯ ದೈನಂದಿನ ಭ್ರಮಣವನ್ನು ಕಣ್ಣಿಗೆ ಕಾಣುವಂತೆ ತೋರಿಸಿದ ಫೂಕೋನ ಲೋಲಕ ಬಂದದ್ದು 1851ರಲ್ಲಿ. ಎಂದಮೇಲೆ ಪ್ರಮಾಣ ತಪ್ಪಿದ ಗ್ರಂಥವನ್ನು ನಾವೇಕೆ ಓದಬೇಕು? ಅದು ತೀರ್ಮಾನವನ್ನಷ್ಟೇ ಕೊಡದೆ, ತೀರ್ಮಾನಕ್ಕೆ ಬರುವ ದಾರಿಯನ್ನು ನಮ್ಮೊಡನೆ ನಡೆದು ತೋರಿಸುತ್ತದೆ. ಆ ದಾರಿ ತಿಳಿದ ಓದುಗ ಗೆಲಿಲಿಯೋನ ತಪ್ಪನ್ನೂ ಹಿಡಿಯಬಲ್ಲ. ಆಪ್ತವಾಕ್ಯವೆಂದು ಒಪ್ಪಿಕೊಂಡವನಿಗೆ ಈ ಸ್ವಾತಂತ್ರ್ಯವಿಲ್ಲ.

ಹೊರನಾಡ ಕನ್ನಡಿಗರಾದ ನಮಗೆ ಇದರಲ್ಲೊಂದು ಪಾಠವಿದೆ. ನಮ್ಮ ಮಕ್ಕಳು ವಿಜ್ಞಾನವನ್ನು ಕಲಿಯುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಮನೆಯ ಕನ್ನಡ ಹಬ್ಬಕ್ಕೆ, ಅಡುಗೆಗೆ, ಊರಿನ ನೆನಪಿಗೆ ಸೀಮಿತವಾಗುತ್ತಿದೆ. ಕನ್ನಡಕ್ಕೆ ಆ ಶಕ್ತಿಯಿಲ್ಲವೆನ್ನುವಂತಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಷ್ಟು ಹಿಂದೆಯೇ 'ವಿಜ್ಞಾನ' ಮಾಸಪತ್ರಿಕೆಗೆ ದುಡಿದರು, ಕಾರಂತರು 'ಬಾಲಪ್ರಪಂಚ' ಬರೆದರು. 'ಏಕೆ', 'ಹೇಗೆ' ಎಂಬ ಪ್ರಶ್ನೆಗಳಿಗೆ ಮನೆಯಲ್ಲಿ ಕನ್ನಡದಲ್ಲಿ ಉತ್ತರ ಹುಡುಕದಿದ್ದರೆ ಆ ಭಾಷೆ ಮಕ್ಕಳ ಪಾಲಿಗೆ ಬರಿಯ ಆಚಾರವಾಗಿ ಉಳಿದೀತು. ಸಂಘದ ವಾಚನಾಲಯದಲ್ಲಿ ತಿಂಗಳಿಗೊಂದು ಸಂಜೆ ಮೂವರು ಕುಳಿತು ಇಂಥ 'ಸಂವಾದ' ನಡೆಸಬಾರದೇಕೆ? ಮೂವರಲ್ಲಿ ಒಬ್ಬರು ಸಿಂಪ್ಲಿಚಿಯೋ ಆದರೂ ಚಿಂತೆಯಿಲ್ಲ. ಅವರಿಗೆ ಗೆಲಿಲಿಯೋ ಕೊಟ್ಟದ್ದಕ್ಕಿಂತ ಹೆಚ್ಚು ಅವಕಾಶ ಕೊಟ್ಟರಾಯಿತು.