ಹಿಂಡಿನ ಕುರಿ, ಮಾಳಿಗೆಯ ಕುರಿ

ಚುನಾವಣೆ ಫಲಿತಾಂಶದ ದಿನ ಪುಣೆಯ ನಮ್ಮ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಯಾರಾದರೊಬ್ಬರು ‘ಕುರಿಗಳು ಸಾರ್ ಕುರಿಗಳು’ ಎಂದು ಬರೆದೇ ಬರೆಯುತ್ತಾರೆ. ಗೆದ್ದ ಪಕ್ಷ ಯಾವುದೇ ಇರಲಿ, ಬರೆದವರು ಸೋತ ಕಡೆಯವರು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆ ಹೀಗೆ ಗಾದೆಯಾಗಿಬಿಟ್ಟಿದೆ. 2001ರಲ್ಲಿ ಅದೇ ಹೆಸರಿನ ಹಾಸ್ಯಚಿತ್ರವೂ ಬಂತು. ಆದರೆ ಗಾದೆಯಾಗುವಾಗ ಕವಿತೆಯ ಒಂದು ಮುಖ್ಯ ಮಾತು ಕಳೆದುಹೋಯಿತು. ನಿಸಾರರ ಹಿಂಡಿನಲ್ಲಿ ಅವರಿವರಷ್ಟೇ ಅಲ್ಲ, ನಾವೂ ಇದ್ದೇವೆ. ಬೈಯುವವನೂ ಅದೇ ಧೂಳಿನಲ್ಲಿ ನಡೆಯುವವನೇ. ‘ಸಾರ್’ ಎಂಬ ಸಂಬೋಧನೆಯನ್ನೇ ಗಮನಿಸಿ: ಮೇಲಿನವರ ಮುಂದೆ ಕೈಕಟ್ಟಿ ನಿಂತವನ ದನಿ ಅದು. ಅದನ್ನು ಕೇಳಿಸಿಕೊಳ್ಳದೆ ಓದಿದರೆ ವಿಡಂಬನೆ ಬರೀ ಬೈಗುಳವಾಗುತ್ತದೆ.

ಇದರ ಪಕ್ಕದಲ್ಲಿ 1968ರಲ್ಲಿ ಪ್ರಕಟವಾದ ಫಿಲಿಪ್ ಕೆ. ಡಿಕ್ ಅವರ ‘ಡು ಆಂಡ್ರಾಯ್ಡ್ಸ್ ಡ್ರೀಮ್ ಆಫ್ ಎಲೆಕ್ಟ್ರಿಕ್ ಶೀಪ್?’ ಕಾದಂಬರಿಯನ್ನು ಇಟ್ಟು ನೋಡೋಣ. ಮಹಾಯುದ್ಧದ ನಂತರ ಪ್ರಾಣಿಗಳೇ ಅಪರೂಪವಾದ ಲೋಕವದು. ರಿಕ್ ಡೆಕಾರ್ಡ್‌ನ ನಿಜವಾದ ಕುರಿ ಧನುರ್ವಾಯುವಿನಿಂದ ಸತ್ತಿದೆ. ನೆರೆಯವರಿಗೆ ತಿಳಿಯಬಾರದೆಂದು ಅವನು ಮಾಳಿಗೆಯ ಮೇಲೆ ವಿದ್ಯುತ್ ಕುರಿ ಸಾಕುತ್ತಾನೆ. ಜೀವವಿರುವ ಪ್ರಾಣಿ ಇದ್ದರೆ ಮರ್ಯಾದೆ. ಅದಕ್ಕಾಗಿ ಆಂಡ್ರಾಯ್ಡ್‌ಗಳನ್ನು ಕೊಂದು ದುಡಿಯುತ್ತಾನೆ, ಕಂತಿನ ಸಾಲದಲ್ಲಿ ಆಡು ತರುತ್ತಾನೆ. ಫ್ಲ್ಯಾಟು, ಕಾರುಗಳ ಕಂತು ಕಟ್ಟುವ ನಮಗೆ ಈ ಅವಮಾನದ ರುಚಿ ಗೊತ್ತು. 1982ರ ‘ಬ್ಲೇಡ್ ರನ್ನರ್’ ಸಿನಿಮಾ ಕುರಿಯನ್ನು ಕೈಬಿಟ್ಟಿತು. ಅದರೊಂದಿಗೆ ಕಥೆಯ ಮನೆವಾರ್ತೆಯ ಸಂಕಟವೂ ಹೋಯಿತು.

ಒಂದರಲ್ಲಿ ಕುರಿಗೆ ಮುಖವಿಲ್ಲ, ಇನ್ನೊಂದರಲ್ಲಿ ಮುಖಕ್ಕಿಂತ ಬೆಲೆ ದೊಡ್ಡದು. ಎರಡೂ ಹೇಳುವುದು ಮನುಷ್ಯನ ವಿಷಯವನ್ನೇ, ತಪ್ಪಲ್ಲ. ಆದರೆ ಕುರಿಯ ಮೇಲೆ ನಾವು ಹೊರಿಸಿದ ದಡ್ಡತನ ಅದರದ್ದಲ್ಲ. ಕುರಿ ಸುಮಾರು 50 ಬೇರೆ ಕುರಿಗಳ ಮುಖಗಳನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ನೆನಪಿಡಬಲ್ಲದು ಎಂದು ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಮಳೆಗಾಲ ಮುಗಿದ ಮೇಲೆ ಈ ಕಡೆಯ ಹೊಲಗಳಲ್ಲಿ ಧನಗರರು ಗೊಬ್ಬರಕ್ಕೆಂದು ಮಂದೆ ನಿಲ್ಲಿಸುತ್ತಾರೆ. ದೂರದಿಂದ ನೋಡುವ ನಮಗೆ ಅದು ಬರೀ ಹಿಂಡು. ಕಾಯುವವನಿಗೆ ಕುಂಟುವುದು ಯಾವುದು, ಮೊನ್ನೆ ಈದದ್ದು ಯಾವುದು ಎಂದು ಗೊತ್ತು.

ನನ್ನ ಎಕ್ಸೆಲ್ ಹಾಳೆಯಲ್ಲಿ ಹನ್ನೆರಡು ‘ರಿಸೋರ್ಸ್’ಗಳಿವೆ. ಕಳೆದ ತಿಂಗಳು ಅದನ್ನು ಹತ್ತಕ್ಕೆ ಇಳಿಸಿ ಎಂದರು; ಸಂಖ್ಯೆ ಬದಲಿಸಲು ಅರ್ಧ ನಿಮಿಷ ಸಾಕಾಯಿತು. ಆ ಸಂಜೆ ನಿಸಾರರ ಕವಿತೆಯನ್ನು ಮತ್ತೆ ಓದಿದೆ. ಕತ್ತಿಯ ಹೊಳಪಿಗೆ ಬೆರಗಾದ ಕುರಿಗಳಲ್ಲಿ ಈ ಸಲ ನನ್ನ ಗುರುತು ಸಿಕ್ಕಿತು.