ಎರಡು ಇಂಧನಗಳ ಒಲೆ: ಒಂದು ವಿಮರ್ಶೆ

ಕಾದಂಬರಿಗೆ, ನಾಟಕಕ್ಕೆ, ಸಂಗೀತ ಕಛೇರಿಗೆ ವಿಮರ್ಶೆ ಇದೆ. ದಿನಕ್ಕೆ ಮೂರು ಹೊತ್ತು ನಾವು ಬಳಸುವ ಉಪಕರಣಗಳಿಗೆ ಮಾತ್ರ ಜಾಹೀರಾತು ಉಂಟು, ವಿಮರ್ಶೆ ಇಲ್ಲ. ಭೌತವಿಜ್ಞಾನವನ್ನು ಕಲಿಯುವವರೂ ಕಲಿಸುವವರೂ ಈ ಕೊರತೆಯನ್ನು ತುಂಬಬಹುದೆಂಬುದು ನನ್ನ ಅಭಿಪ್ರಾಯ. ಅಂಥ ಒಂದು ಉಪಕರಣವನ್ನು ಇಲ್ಲಿ ಪರೀಕ್ಷಿಸೋಣ. ಮೇಲೆ ನಾಲ್ಕೈದು ಗ್ಯಾಸ್ ಬರ್ನರ್‌ಗಳು, ಕೆಳಗೆ ವಿದ್ಯುತ್ ಓವನ್, ಎರಡೂ ನೆಲದ ಮೇಲೆ ನಿಲ್ಲುವ ಒಂದೇ ಉಕ್ಕಿನ ಪೆಟ್ಟಿಗೆಯಲ್ಲಿ. ಅಂಗಡಿಯವರು ಇದನ್ನು ಡ್ಯುಯಲ್ ಫ್ಯುಯೆಲ್ ಕುಕಿಂಗ್ ರೇಂಜ್ ಎನ್ನುತ್ತಾರೆ. ಇಂಗ್ಲೆಂಡಿನ ಮನೆಗಳಲ್ಲಿ ಇದು ಪರಿಚಿತ ವಸ್ತು. ನಮ್ಮ ನಗರಗಳ ಕೆಲವು ಮನೆಗಳಿಗೂ ಬಂದಿದೆ.

ರೇಂಜ್ ಒಲೆಯ ವಂಶಾವಳಿಯಲ್ಲಿ ಇಬ್ಬರು ಭೌತವಿಜ್ಞಾನಿಗಳಿದ್ದಾರೆಂಬುದು ನಮಗೆ ಸಂತೋಷದ ಸಂಗತಿ. ಫಿರಂಗಿಯ ನಳಿಗೆ ಕೊರೆಯುವಾಗ ಹುಟ್ಟುವ ಶಾಖವನ್ನು ಕುರಿತು 1798ರಲ್ಲಿ ಪ್ರಬಂಧ ಮಂಡಿಸಿದ ಕೌಂಟ್ ರಮ್‌ಫರ್ಡ್ ಹೆಸರು ನಿಮ್ಮ ಪಠ್ಯಪುಸ್ತಕದಲ್ಲಿದೆ. ಬೆಂಕಿಯನ್ನು ಗೂಡಿನೊಳಗೆ ಮುಚ್ಚಿ, ಒಂದೊಂದು ಪಾತ್ರೆಗೂ ಬೇಕಾದಷ್ಟೇ ಶಾಖ ತಲುಪುವಂಥ ಅಡುಗೆ ಒಲೆಗಳನ್ನು ರೂಪಿಸಿದವನೂ ಅವನೇ. ಇನ್ನೊಬ್ಬ ಸ್ವೀಡನ್ನಿನ ಗುಸ್ತಾಫ್ ದಾಲೆನ್. ದೀಪಸ್ತಂಭಗಳ ಅನಿಲ ದೀಪಗಳಿಗೆ ಸ್ವಯಂಚಾಲಿತ ನಿಯಂತ್ರಕಗಳನ್ನು ರೂಪಿಸಿದ್ದಕ್ಕೆ 1912ರಲ್ಲಿ ನೊಬೆಲ್ ಬಹುಮಾನ ಪಡೆದ ಈತ, ಅದೇ ವರ್ಷ ಸ್ಫೋಟವೊಂದರಲ್ಲಿ ಕಣ್ಣು ಕಳೆದುಕೊಂಡ. ದೃಷ್ಟಿಯಿಲ್ಲದೆಯೇ 1922ರಲ್ಲಿ, ಶಾಖವನ್ನು ಎರಕದ ಕಬ್ಬಿಣದಲ್ಲಿ ಕೂಡಿಟ್ಟುಕೊಳ್ಳುವ ‘ಆಗಾ’ ಒಲೆಯನ್ನು ರೂಪಿಸಿದ. ಇವರಿಬ್ಬರಿಗೂ ಒಲೆ ಒಂದು ಉಷ್ಣಯಂತ್ರದಷ್ಟೇ ಗಂಭೀರ ವಿಷಯವಾಗಿತ್ತು. ಇಂದಿನ ರೇಂಜ್ ಅನ್ನು ನಾವು ಕೊಳ್ಳುವುದು ಪೀಠೋಪಕರಣ ಕೊಳ್ಳುವಂತೆ, ಬಣ್ಣ ಮತ್ತು ಹೊಳಪು ನೋಡಿ. ನನ್ನ ತಕರಾರು ಇಲ್ಲಿಂದ ಆರಂಭ.

ಮೊದಲು ಮೆಚ್ಚಬೇಕಾದುದನ್ನು ಮೆಚ್ಚೋಣ. ಮೇಲೆ ಅನಿಲ, ಕೆಳಗೆ ವಿದ್ಯುತ್ ಎಂಬ ಹಂಚಿಕೆ ಭೌತವಿಜ್ಞಾನಕ್ಕೆ ಒಪ್ಪುವಂಥದು. ಜ್ವಾಲೆಗೆ ಉಷ್ಣಜಡತ್ವ ಇಲ್ಲವೆಂದೇ ಹೇಳಬಹುದು. ಹಾಲು ಉಕ್ಕುವಾಗ ನಾಬ್ ತಿರುಗಿಸಿದರೆ ಶಾಖ ಆ ಕ್ಷಣವೇ ಇಳಿಯುತ್ತದೆ. ಓವನ್‌ಗೆ ಬೇಕಾದುದು ಇದಕ್ಕೆ ವಿರುದ್ಧ ಗುಣ: ಸ್ಥಿರವಾದ, ಎಲ್ಲ ದಿಕ್ಕಿನಿಂದಲೂ ಸಮನಾದ, ಒಣ ಶಾಖ. ಅನಿಲ ಓವನ್ ಒಣಗಿರುವುದಿಲ್ಲ. ಪ್ರೊಪೇನ್ ದಹನದ ಸಮೀಕರಣವನ್ನು ಬರೆದು ಲೆಕ್ಕ ಹಾಕಿ: 44 ಗ್ರಾಂ ಪ್ರೊಪೇನ್ ಉರಿದರೆ 72 ಗ್ರಾಂ ನೀರು ಹುಟ್ಟುತ್ತದೆ. ಅಂದರೆ ಒಂದು ಕಿಲೋ ಅನಿಲ ಒಂದೂವರೆ ಕಿಲೋಗೂ ಹೆಚ್ಚು ನೀರಾವಿಯನ್ನು ಅಡುಗೆಮನೆಗೆ ಬಿಡುತ್ತದೆ. ತರಗತಿಯಲ್ಲಿ ಇದನ್ನು ಹೇಳಿದರೆ ಮಕ್ಕಳು ಮೊದಲು ನಂಬುವುದಿಲ್ಲ. ಆಮ್ಲಜನಕದ ತೂಕ ಎಲ್ಲಿಂದ ಬಂತೆಂದು ಕೇಳಿದ ಮೇಲೆ ನಂಬುತ್ತಾರೆ. ವಿದ್ಯುತ್ ಓವನ್‌ನಲ್ಲಿ ಈ ಆವಿ ಇಲ್ಲ. ಒಳಗಿನ ಫ್ಯಾನ್ ಬಿಸಿಗಾಳಿಯನ್ನು ಎಲ್ಲೆಡೆ ಹಂಚುತ್ತದೆ. ಬಿಸ್ಕತ್ತು ಗರಿಗರಿಯಾಗುತ್ತದೆ.

ಹಂಚಿಕೆ ಸರಿ. ಆದರೆ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂರಿಸಿದಾಗ ಒಂದರ ಶಾಖ, ಒಂದರ ಕಿಡಿ ಇನ್ನೊಂದಕ್ಕೆ ಅಪಾಯವಾಗುತ್ತದೆ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದ ಅನಿಲ ನೆಲಕ್ಕಿಳಿದು ಅಲ್ಲೇ ಹರಡಿಕೊಳ್ಳುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಸುಮಾರು 2 ಶೇಕಡಾ ಆದರೆ ಸಾಕು, ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಕಟ್ಟೆಯ ಮೇಲಿನ ಸಾಮಾನ್ಯ ಒಲೆಯ ಕೆಳಗೆ ಕಿಡಿ ಹುಟ್ಟಿಸುವ ಭಾಗ ಯಾವುದೂ ಇರುವುದಿಲ್ಲ. ರೇಂಜ್‌ನಲ್ಲಿ ಹತ್ತು ಆಂಪಿಯರ್ ವಿದ್ಯುತ್ತನ್ನು ಮತ್ತೆ ಮತ್ತೆ ಕಡಿದು ಜೋಡಿಸುವ ಥರ್ಮೋಸ್ಟಾಟ್ ಇರುವ ಓವನ್ ನೆಲಕ್ಕೆ ಹತ್ತಿರವೇ ಇದೆ. ಇನ್ನೂ ಒಂದು ಮಾತು. ಬರ್ನರ್‌ಗೆ ಹೋಗುವ ಅನಿಲದ ಕೊಳವೆ ಪೆಟ್ಟಿಗೆಯ ಹಿಂಬದಿಯಲ್ಲಿ, ಕಾದ ಓವನ್‌ನ ಬೆನ್ನಿಗೆ ಸಮೀಪದಲ್ಲಿ ಸಾಗುತ್ತದೆ. ರೇಂಜ್ ಅನ್ನು ಗೋಡೆಗೆ ಒತ್ತಿ ನಿಲ್ಲಿಸಿದರೆ ರಬ್ಬರ್ ಕೊಳವೆ ಬಿಸಿ ತಗಡಿಗೆ ತಾಗುತ್ತದೆ. ಅದು ಗಟ್ಟಿಯಾಗಿ, ಬಿರುಕು ಬಿಟ್ಟರೂ ಕಣ್ಣಿಗೆ ಬೀಳದ ಜಾಗ ಅದು. ಕಟ್ಟೆಯ ಒಲೆಯ ಕೊಳವೆ ದಿನವೂ ಕಾಣುತ್ತದೆ, ಇದು ಕಾಣುವುದಿಲ್ಲ.

ನಮ್ಮ ಮನೆಯ ರೇಂಜ್ ಜೊತೆ ಬಂದ ಕೈಪಿಡಿಯಲ್ಲಿ ಉಕ್ಕಿನ ಹೊಳಪನ್ನು ಕಾಪಾಡುವ ಬಗ್ಗೆ ಎರಡು ಪುಟಗಳಿವೆ, ಕೊಳವೆಯ ಬಗ್ಗೆ ಒಂದು ಸಾಲು. ತಯಾರಕರ ಹೆಸರು ಇಲ್ಲಿ ಬೇಡ. ನೀವು ಮಾಡಬೇಕಾದುದು ಇಷ್ಟು: ಸುರಕ್ಷಾ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಿ, ಅದು ಓವನ್ ಬೆನ್ನಿಗೆ ತಾಗದ ಹಾಗೆ ಒಯ್ಯಿರಿ, ಸಿಲಿಂಡರನ್ನು ರೇಂಜ್‌ಗೆ ಅಂಟಿದ ಮುಚ್ಚಿದ ಕಪಾಟಿನಲ್ಲಿ ಇಡಬೇಡಿ. ಆರು ತಿಂಗಳಿಗೊಮ್ಮೆ ರೆಗ್ಯುಲೇಟರ್ ಮುಚ್ಚಿ, ಪೆಟ್ಟಿಗೆಯನ್ನು ಮುಂದೆಳೆಸಿ, ಕೀಲುಗಳಿಗೆ ಸೋಪಿನ ನೀರು ಹಚ್ಚಿ, ರೆಗ್ಯುಲೇಟರ್ ತೆರೆದು ಗುಳ್ಳೆ ಏಳುತ್ತದೆಯೇ ನೋಡಿ. ಗ್ಯಾಸಿನ ವಾಸನೆ ಬಂದಾಗ ಓವನ್‌ನ ಸ್ವಿಚ್ಚನ್ನು ಆರಿಸಲೂ ಹೋಗಬೇಡಿ. ಆರಿಸುವಾಗಲೂ ಕಿಡಿ ಹಾರುತ್ತದೆ. ರೆಗ್ಯುಲೇಟರ್ ಮುಚ್ಚಿ ಕಿಟಕಿ ಬಾಗಿಲು ತೆರೆಯಿರಿ. ಮನೆಯ ಮುಖ್ಯ ಸ್ವಿಚ್ಚು ಅಡುಗೆಮನೆಯಿಂದ ಆಚೆ ಇದ್ದರೆ ಅಲ್ಲಿ ಆರಿಸಬಹುದು.

ಇನ್ನು ಬರ್ನರ್. ಈ ಪೆಟ್ಟಿಗೆಯ ಅತ್ಯಂತ ಸೂಕ್ಷ್ಮ ಭಾಗ ಇದು, ಕೈಪಿಡಿಗಳು ಅತಿ ಕಡಿಮೆ ಮಾತಾಡುವ ಭಾಗವೂ ಇದೇ. 1855ರ ಸುಮಾರಿಗೆ ಬುನ್ಸೆನ್ ಬಳಕೆಗೆ ತಂದ ತತ್ತ್ವವೇ ಇಲ್ಲೂ ಕೆಲಸ ಮಾಡುತ್ತದೆ. ಒಂದು ಮಿಲಿಮೀಟರಿಗೂ ಕಿರಿದಾದ ಜೆಟ್‌ನಿಂದ ರಭಸವಾಗಿ ಹೊರಬರುವ ಅನಿಲ ಸುತ್ತಲಿನ ಗಾಳಿಯನ್ನು ತನ್ನೊಂದಿಗೆ ಎಳೆದುಕೊಳ್ಳುತ್ತದೆ. ಇದು ಪ್ರಾಥಮಿಕ ಗಾಳಿ. ಉಳಿದ ಗಾಳಿ ಜ್ವಾಲೆಯ ಸುತ್ತಲಿನಿಂದ ಬರುತ್ತದೆ. ಒಂದು ಗಾತ್ರ ಪ್ರೊಪೇನ್ ಪೂರ್ತಿ ಉರಿಯಲು ಸುಮಾರು 24 ಗಾತ್ರ ಗಾಳಿ ಬೇಕು, ಬ್ಯೂಟೇನ್‌ಗೆ 31. ಗಾಳಿ ಸಾಕಾದಾಗ ಜ್ವಾಲೆ ನೀಲಿ, ಒಳಗೆ ಚೂಪಾದ ಶಂಕು. ಸಾಲದಾದಾಗ ಇಂಗಾಲದ ಕಣಗಳು ಉರಿಯದೆ ಕಾದು ಹಳದಿಯಾಗಿ ಬೆಳಗುತ್ತವೆ, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ. ಮಸಿಯನ್ನು ತಿಕ್ಕಿ ತೊಳೆಯಬಹುದು. ಅದರ ಜೊತೆಗೆ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಕಾಣುವುದಿಲ್ಲ, ಅದಕ್ಕೆ ವಾಸನೆ ಇಲ್ಲ. ರಕ್ತದ ಹೀಮೊಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ನೀಲಿ ಜ್ವಾಲೆಯೂ ನಿರ್ದೋಷಿಯಲ್ಲ: ಅದರ ಉಷ್ಣತೆಯಲ್ಲಿ ಗಾಳಿಯ ಸಾರಜನಕವೇ ಆಮ್ಲಜನಕದೊಡನೆ ಕೂಡಿ ನೈಟ್ರೋಜನ್ ಆಕ್ಸೈಡ್‌ಗಳಾಗುತ್ತದೆ. ಆದ್ದರಿಂದ ಕಿಟಕಿ ತೆರೆದಿಡುವುದು, ಹೊಗೆ ಹೊರಹಾಕುವ ಫ್ಯಾನ್ ಓಡಿಸುವುದು ಕೇವಲ ಒಗ್ಗರಣೆಯ ಘಾಟಿಗಾಗಿ ಅಲ್ಲ.

ಈಗ ನಮ್ಮ ಬಳಕೆಯನ್ನು ನೋಡಿ. ರೇಂಜ್‌ನ ಬರ್ನರ್ ಸುತ್ತ ಚೆಂದಕ್ಕೆಂದು ಅಲ್ಯೂಮಿನಿಯಂ ಹಾಳೆ ಹಾಸುವವರಿದ್ದಾರೆ. ಹಬ್ಬದ ದಿನ ದೊಡ್ಡ ತಪ್ಪಲೆಯನ್ನು ಎರಡು ಬರ್ನರ್‌ಗಳ ಮೇಲೆ ಅಡ್ಡಲಾಗಿ ಇಡುವವರಿದ್ದಾರೆ. ಎರಡರಲ್ಲೂ ಜ್ವಾಲೆಗೆ ಬರಬೇಕಾದ ಗಾಳಿಗೆ ತಡೆಯಾಗುತ್ತದೆ. ಬಾಣಲೆ ಅಲುಗಾಡುತ್ತದೆಂದು ಪಾತ್ರೆಯಡಿಯ ಜಾಲರಿಯನ್ನು ತೆಗೆದು ಬರ್ನರ್ ಮೇಲೆಯೇ ಕೂರಿಸಿದರೆ ತಣ್ಣನೆಯ ಲೋಹ ಜ್ವಾಲೆಯನ್ನು ಅರ್ಧದಲ್ಲೇ ತಣಿಸುತ್ತದೆ, ದಹನ ಅಪೂರ್ಣವಾಗಿ ನಿಲ್ಲುತ್ತದೆ. ಜಾಲರಿಯ ಎತ್ತರ ಅಲಂಕಾರಕ್ಕಾಗಿ ಇಟ್ಟದ್ದಲ್ಲ. ಇಷ್ಟೊಂದು ಅಗತ್ಯವಾದ ಈ ಸಂಗತಿಯನ್ನು ಕೈಪಿಡಿ ‘ಪಾತ್ರೆಯ ಗರಿಷ್ಠ ವ್ಯಾಸ’ ಎಂಬ ಸಣ್ಣ ಕೋಷ್ಟಕದೊಳಗೆ ಬಚ್ಚಿಟ್ಟಿದೆ, ಕಾರಣ ಕೊಟ್ಟಿಲ್ಲ. ಕಾರಣ ತಿಳಿಯದ ನಿಯಮವನ್ನು ಹಬ್ಬದ ದಿನ ಯಾರು ಪಾಲಿಸುತ್ತಾರೆ?

ಜೆಟ್ ಕಟ್ಟಿಕೊಂಡಾಗ ಪಿನ್ನಿನಿಂದ ಚುಚ್ಚುವುದು ಮನೆಮನೆಯ ಅಭ್ಯಾಸ. ರಂಧ್ರದ ವ್ಯಾಸ ಹತ್ತು ಶೇಕಡಾ ಹಿಗ್ಗಿದರೆ ವಿಸ್ತೀರ್ಣ, ಅದರೊಂದಿಗೆ ಅನಿಲದ ಹರಿವು, 21 ಶೇಕಡಾ ಹೆಚ್ಚುತ್ತದೆ. ಗಾಳಿ ಆ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಹಳದಿ ಜ್ವಾಲೆ ಖಾಯಂ ಆಗುತ್ತದೆ. ಜೆಟ್ಟನ್ನು ಸೇವಾ ತಂತ್ರಜ್ಞರಿಗೆ ಬಿಡಿ. ನೀವು ತೊಳೆಯಬೇಕಾದುದು ಬರ್ನರ್‌ನ ಮೇಲಿನ ಬಿಲ್ಲೆ ಮತ್ತು ತೂತುಗಳ ಬಳೆ. ತೊಳೆದು ಪೂರ್ತಿ ಒಣಗಿಸಿ, ಬಿಲ್ಲೆ ತನ್ನ ಗಾಡಿಯಲ್ಲೇ ಕೂತಿದೆಯೇ ನೋಡಿ. ತೂತಿನಲ್ಲಿ ನೀರು ಉಳಿದರೂ, ಬಿಲ್ಲೆ ಓರೆಯಾದರೂ ಜ್ವಾಲೆ ಒಂದು ಪಕ್ಕಕ್ಕೆ ಎದ್ದು ಕುಣಿಯುತ್ತದೆ.

ಬೆಂಗಳೂರಿನ ಹಲವು ಬಡಾವಣೆಗಳಿಗೆ ಕೊಳವೆ ಅನಿಲ ಬಂದಿರುವುದರಿಂದ ಇನ್ನೊಂದು ಎಚ್ಚರ ಬೇಕು. ಸಮಾನ ಗಾತ್ರದಲ್ಲಿ ಎಲ್‌ಪಿಜಿಯ ಶಾಖ ನೈಸರ್ಗಿಕ ಅನಿಲದ ಎರಡೂವರೆ ಪಟ್ಟಿಗೂ ಹೆಚ್ಚು. ಒಂದಕ್ಕೆ ಮಾಡಿದ ಜೆಟ್ ಇನ್ನೊಂದಕ್ಕೆ ಸಲ್ಲದು. ಬ್ರಿಟನ್ನಿನಿಂದ ಊರಿಗೆ ಮರಳುವವರು ಅಲ್ಲಿಯ ರೇಂಜ್ ತಂದರೆ ಅದು 20 ಮಿಲಿಬಾರ್ ಒತ್ತಡದ ನೈಸರ್ಗಿಕ ಅನಿಲಕ್ಕೆ ಹೊಂದಿಸಿದ್ದಾಗಿರಬಹುದು. ನಮ್ಮ ಸಿಲಿಂಡರಿನ ರೆಗ್ಯುಲೇಟರ್ ಕೊಡುವುದು ಸುಮಾರು 30 ಮಿಲಿಬಾರ್ ಒತ್ತಡದ ಎಲ್‌ಪಿಜಿ. ಹಾಗೆಯೇ ಜೋಡಿಸಿದರೆ ಜ್ವಾಲೆ ಅಡಿಯೆತ್ತರಕ್ಕೆ ಎದ್ದೀತು. ಜೆಟ್ ಬದಲಿಸಿದರಷ್ಟೇ ಸಾಲದು. ಸಣ್ಣ ಉರಿಯನ್ನು ನಿರ್ಧರಿಸುವ ತಿರುಪನ್ನೂ ಹೊಂದಿಸಬೇಕು.

ಈ ಒಲೆಯಲ್ಲಿ ನನಗೆ ಅತಿ ಪ್ರಿಯವಾದ ಭಾಗ ಬೆರಳಿನ ತುದಿಗಿಂತ ಚಿಕ್ಕದು. ಬರ್ನರ್ ಪಕ್ಕದಲ್ಲಿ ಎರಡು ಕಡ್ಡಿಗಳಿವೆ. ಬಿಳಿ ಪಿಂಗಾಣಿಯದು ಕಿಡಿ ಹಾರಿಸುವುದಕ್ಕೆ. ಇನ್ನೊಂದು, ಲೋಹದ್ದು, ಉಷ್ಣಯುಗ್ಮ. ಸೀಬೆಕ್ 1821ರಲ್ಲಿ ಕಂಡ ಪರಿಣಾಮ ಇಲ್ಲಿ ಕಾವಲುಗಾರನಾಗಿದೆ. ಜ್ವಾಲೆ ಅದನ್ನು ಕಾಯಿಸಿದಾಗ ಹುಟ್ಟುವ ಕೆಲವೇ ಮಿಲಿವೋಲ್ಟ್‌ಗಳು ಒಂದು ಪುಟ್ಟ ವಿದ್ಯುತ್ಕಾಂತವನ್ನು ಹಿಡಿದಿಟ್ಟು ಅನಿಲದ ಕವಾಟವನ್ನು ತೆರೆದಿಡುತ್ತವೆ. ಗಾಳಿಗೋ ಉಕ್ಕಿದ ಸಾರಿಗೋ ಜ್ವಾಲೆ ಆರಿದರೆ ಕಡ್ಡಿ ತಣಿಯುತ್ತದೆ, ಕವಾಟ ತಾನೇ ಮುಚ್ಚುತ್ತದೆ. ಕರೆಂಟು ಹೋಗಿದ್ದರೂ ಇದು ಕೆಲಸ ಮಾಡುತ್ತದೆ. ಹಚ್ಚಿದ ಮೇಲೆ ಕೆಲವು ಸೆಕೆಂಡು ನಾಬ್ ಒತ್ತಿ ಹಿಡಿಯಬೇಕಾದುದು ಕಡ್ಡಿ ಕಾಯಲೆಂದೇ. ಕೈ ಬಿಟ್ಟೊಡನೆ ಬರ್ನರ್ ಆರಿಹೋಗುತ್ತಿದ್ದರೆ ಹೆಚ್ಚಾಗಿ ಕಡ್ಡಿಯ ಮೇಲೆ ಹಾಲಿನ ಕರಕು ಹಿಡಿದಿರುತ್ತದೆ. ತಣ್ಣಗಾದ ಮೇಲೆ ಮೆತ್ತನೆ ಬಟ್ಟೆಯಿಂದ ಒರೆಸಿ. ತಾಮ್ರ, ಕಬ್ಬಿಣದ ತಂತಿಗಳನ್ನು ಹೊಸೆದು ಗ್ಯಾಲ್ವನೋಮೀಟರಿಗೆ ಜೋಡಿಸಿ, ಸಂಧಿಯನ್ನು ಮೇಣದಬತ್ತಿಗೆ ಹಿಡಿದು ವಿದ್ಯಾರ್ಥಿಗಳಿಗೆ ತೋರಿಸಬಹುದು. ಎಲ್ಲ ಬರ್ನರ್‌ಗಳಿಗೂ ಈ ರಕ್ಷಣೆ ಇಲ್ಲದ ರೇಂಜ್ ಎಷ್ಟು ಅಗ್ಗವಾಗಿದ್ದರೂ ಬೇಡ.

ಓವನ್‌ನ ಕಥೆ ಬೇರೆ. ಅನಿಲಕ್ಕೆ ಗಾಳಿ ಬೇಕು, ಇದಕ್ಕೆ ಒಣಗಿರುವುದು ಬೇಕು. ಕಾಯುವ ತಂತಿಯನ್ನು ಲೋಹದ ಕೊಳವೆಯೊಳಗೆ ಮೆಗ್ನೀಸಿಯಂ ಆಕ್ಸೈಡ್ ಪುಡಿಯಲ್ಲಿ ಹೂತಿರುತ್ತಾರೆ. ಆ ಪುಡಿ ಶಾಖವನ್ನು ಬಿಡುತ್ತದೆ, ವಿದ್ಯುತ್ತನ್ನು ತಡೆಯುತ್ತದೆ. ಆದರೆ ತೇವವನ್ನು ಹೀರುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ಓವನ್ ಹಾಕಿದೊಡನೆ ಮನೆಯ ಆರ್‌ಸಿಸಿಬಿ ಬೀಳಲು ಇದೊಂದು ಸಾಮಾನ್ಯ ಕಾರಣ. ಆರ್‌ಸಿಸಿಬಿ ತನ್ನ ಕೆಲಸ ಮಾಡಿದೆ. ಸೋರಿಕೆ 30 ಮಿಲಿಆಂಪಿಯರ್ ತಲುಪಿದರೆ ಬೀಳಲೆಂದೇ ಅದನ್ನು ಹಾಕಿರುವುದು. ಕೆಲವು ವಿದ್ಯುತ್ ಕೆಲಸದವರು ಅದನ್ನು ತಪ್ಪಿಸಿ ನೇರ ಸಂಪರ್ಕ ಕೊಟ್ಟು ‘ಸರಿಹೋಯಿತು’ ಎನ್ನುತ್ತಾರೆ. ಉಕ್ಕಿನ ಪೆಟ್ಟಿಗೆ, ಒದ್ದೆ ನೆಲ, ಬರಿಗಾಲು: ಇದರ ಪರಿಣಾಮವನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಖಾಲಿ ಓವನ್ ಓಡಿಸಿದರೆ ತೇವ ಸೇರುವುದಿಲ್ಲ. ಈಗಾಗಲೇ ಸೇರಿದ್ದರೆ ನಿರೋಧವನ್ನು ಅಳೆಯಬಲ್ಲವರನ್ನು ಕರೆಸಿ. ಭೂಸಂಪರ್ಕ ಸರಿಯಿರುವ 16 ಆಂಪಿಯರ್ ಸಾಕೆಟ್ ಒಂದು ಓವನ್‌ಗೆ ಸಾಕು. ಎರಡು ಓವನ್‌ಗಳ ದೊಡ್ಡ ರೇಂಜ್‌ಗೆ ಬೇರೆಯೇ ದಪ್ಪ ತಂತಿಯ ಮಾರ್ಗ ಎಳೆಸಬೇಕು.

ಬಾಗಿಲಿನ ಗಾಜು ಹದಗೊಳಿಸಿದ್ದು. ಅದರ ಮೇಲ್ಪದರ ಒತ್ತಡದಲ್ಲಿದೆ. ಉಕ್ಕಿನ ನಾರಿನಿಂದ ಗೀರಿದರೆ ಎಂದೋ ಒಮ್ಮೆ ಚೂರುಚೂರಾಗಬಹುದು. ತೆರೆದ ಬಾಗಿಲು ಒಂದು ಸನ್ನೆ ಎಂಬುದನ್ನೂ ಮರೆಯಬೇಡಿ. ಮಗುವೊಂದು ಅದರ ಮೇಲೆ ಹತ್ತಿದರೆ ಇಡೀ ರೇಂಜ್, ಮೇಲಿನ ಕುದಿಯುವ ಸಾರಿನ ಸಮೇತ, ಮುಂದಕ್ಕೆ ಉರುಳಬಹುದು. ಹಿಂಬದಿಯನ್ನು ಗೋಡೆಗೆ ಬಿಗಿಯುವ ಸರಪಳಿ ಇರುವುದು ಇದಕ್ಕೆ.

ಇಷ್ಟೆಲ್ಲ ಆರೈಕೆ ಬೇಡುವ ಓವನ್ ನಮ್ಮ ಮನೆಯಲ್ಲಿ ಎಷ್ಟು ದುಡಿಯುತ್ತದೆ? ಒಂದು ಅಂದಾಜು ಮಾಡೋಣ. ಒಳಗೂಡು ಮತ್ತು ತಂತಿಹಲಗೆಗಳು 10 ಕಿಲೋ ಉಕ್ಕು ಎಂದಿಟ್ಟುಕೊಳ್ಳಿ. 25ರಿಂದ 180 ಡಿಗ್ರಿಗೆ ಅದನ್ನು ಕಾಯಿಸಲು ಸುಮಾರು 775 ಕಿಲೋಜೂಲ್ ಬೇಕು. ಒಂದು ಕಿಲೋ ಕೇಕಿನ ಹಿಟ್ಟು ಬಿಸಿಯಾಗಿ, ಅದರಿಂದ ನೂರು ಗ್ರಾಂ ನೀರು ಆವಿಯಾಗಲು ಸುಮಾರು 430. ಗೋಡೆಗಳಿಂದ ನಷ್ಟವಾಗುವುದನ್ನು ಬಿಟ್ಟರೂ ಕೇಕಿಗಿಂತ ಪೆಟ್ಟಿಗೆಯೇ ಹೆಚ್ಚು ತಿನ್ನುತ್ತದೆ. ಒಮ್ಮೆ ಕಾಯಿಸಿ ಮೂರು ನಾಲ್ಕು ತಟ್ಟೆ ಬೇಯಿಸುವವರಿಗೆ ಈ ಖರ್ಚು ಹಂಚಿಹೋಗುತ್ತದೆ. ವಾರಕ್ಕೆ ಎರಡು ಮೂರು ಸಲ ರೊಟ್ಟಿ, ಬಿಸ್ಕತ್ತು ಬೇಯಿಸುವ, ಹಿಂಬದಿಯಲ್ಲಿ ಜಾಗವಿರುವ, ಸಿಲಿಂಡರನ್ನು ಹೊರಗಿಡಬಹುದಾದ ಅಡುಗೆಮನೆಗೆ ಈ ರೇಂಜ್ ಒಳ್ಳೆಯ ಯಂತ್ರ. ಅನ್ನ, ಸಾರು, ದೋಸೆ, ಚಪಾತಿಯಲ್ಲೇ ದಿನ ಕಳೆಯುವ ಮನೆಗಳಲ್ಲಿ ಅದರ ಕೆಳಭಾಗ ಹಳೆಯ ಬಾಣಲೆಗಳನ್ನಿಡುವ ಕಪಾಟಾಗಿರುವುದನ್ನು ನಾನು ಕಂಡಿದ್ದೇನೆ. ಅಂಥ ಮನೆಗೆ ಕಟ್ಟೆಯ ಮೇಲೆ ಉಷ್ಣಯುಗ್ಮವಿರುವ ಒಲೆ, ಬೇಕಾದರೆ ಅದರಿಂದ ದೂರದ ಮೂಲೆಯಲ್ಲಿ ಪ್ರತ್ಯೇಕವಾದ ಒಂದು ಚಿಕ್ಕ ವಿದ್ಯುತ್ ಓವನ್ ಸಾಕು.